ಅಳುವುದನ್ನು ಕಲಿತ ಮಗಳು

ಮಗಳನ್ನು ನೋಡುವ ಮೊದಲು ನಾವು ನೋಡಿದ್ದು ಅವಳ ವರದಿಗಳನ್ನು. ಭಾರತದಿಂದ ದತ್ತು ಪಡೆಯಲು ಹೆಸರು ನೋಂದಾಯಿಸಿದವರಿಗೆ ಮಗುವಿನ ಫೋಟೋ ಜೊತೆಗೆ ಎರಡು ಕಾಗದ ಬರುತ್ತವೆ. ಒಂದು ಮಗುವಿನ ಅಧ್ಯಯನ ವರದಿ, ಇನ್ನೊಂದು ವೈದ್ಯಕೀಯ ಪರೀಕ್ಷೆಯ ವರದಿ. ನಮಗೆ ಬಂದದ್ದರಲ್ಲಿ ತೂಕ, ಎತ್ತರ, ತಲೆಯ ಸುತ್ತಳತೆ, ಹಾಕಿಸಿದ ಲಸಿಕೆಗಳು, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಇಲ್ಲವೆಂಬ ಲ್ಯಾಬಿನ ಚೀಟಿ ಎಲ್ಲ ಇದ್ದವು. ಎಡಗಡೆ ಸೀಳುತುಟಿ, ಜೊತೆಗೆ ಸೀಳಂಗುಳ. ತುಟಿಯ ಆಪರೇಶನ್ ಆಗಿದೆ, ಅಂಗುಳದ್ದು ಆಗಬೇಕು ಎಂದಿತ್ತು. ಕೊನೆಗೆ ಸ್ವಭಾವ ಎಂಬಲ್ಲಿ ಹೀಗೆ ಬರೆದಿದ್ದರು: ಶಾಂತ ಮಗು, ಅಳುವುದು ಕಡಿಮೆ, ಎಲ್ಲರ ಹತ್ತಿರವೂ ಹೋಗುತ್ತದೆ.

ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಊರಿನ ಅಂಚಿನಲ್ಲಿ. ನನ್ನ ತವರು ಬೆಳಗಾವಿ, ನನ್ನ ಗಂಡನದು ಹುಬ್ಬಳ್ಳಿ ಕಡೆ. ವರದಿ ಬಂದ ವಾರವೇ ಅದನ್ನು ದತ್ತುಮಕ್ಕಳನ್ನು ನೋಡುವುದರಲ್ಲಿ ನುರಿತ ವೈದ್ಯೆಯೊಬ್ಬರಿಗೆ ತೋರಿಸಿದೆವು. ನಮ್ಮ ಪ್ರಶ್ನೆಗಳೆಲ್ಲ ಅಂಗುಳದ ಸುತ್ತಲೇ ಇದ್ದವು. ಅವರು ಎಲ್ಲಕ್ಕೂ ಉತ್ತರ ಹೇಳಿ, ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಂಗುಳವನ್ನು ಹೊಲಿಯಲು ಸರ್ಜನ್ ಇದ್ದಾರೆ, ಈ ಸಾಲಿಗೆ ಇರುವವರು ನೀವಿಬ್ಬರೇ, ಹೆಚ್ಚು ಸಮಯವನ್ನು ಇದಕ್ಕೇ ಇಟ್ಟುಕೊಳ್ಳಿ ಎಂದರು. ಒಂದು ಒಳ್ಳೆಯ ಗುಣವೆಂದು ಬರೆದಿದ್ದ ಮಾತು ಅದು. ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ನಮ್ಮ ದುಡಿಮೆಯ ಮುಕ್ಕಾಲು ಪಾಲು ಹೋದದ್ದು ಆ ಸಾಲಿಗೇ.

ದೇಶದಿಂದ ದೇಶಕ್ಕೆ ದತ್ತು ಹೇಗೆ ನಡೆಯುತ್ತದೆ ಎಂದು ಕೇಳುವವರು ಬಹಳ ಜನ, ಅದಕ್ಕೆ ಸ್ವಲ್ಪ ಹೇಳುತ್ತೇನೆ. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ವಿದೇಶಕ್ಕೆ ಹೋಗುವ ಮಕ್ಕಳ ವಿಷಯದಲ್ಲಿ ಮೊದಲ ಬಾರಿಗೆ ಕಟ್ಟುನಿಟ್ಟು ಬಂತು. 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ ಕರೆಯುವಂತೆ ‘ಕಾರಾ’, ಹುಟ್ಟಿತು. ಮಕ್ಕಳ ಮಾರಾಟ ತಡೆಯಲೆಂದೇ 1993ರಲ್ಲಿ ಹೇಗ್‌ ನಗರದಲ್ಲಿ ಆದ ಒಪ್ಪಂದಕ್ಕೆ ಭಾರತ 2003ರಲ್ಲಿ ಸೇರಿತು, ಅಮೆರಿಕದಲ್ಲಿ ಅದು ಜಾರಿಯಾದದ್ದು 2008ರಲ್ಲಿ. ಹಾಗಾಗಿ ಯಾವುದೋ ಆಶ್ರಮಕ್ಕೆ ಹೋಗಿ, ಇಷ್ಟವಾದ ಮಗುವನ್ನು ಎತ್ತಿಕೊಂಡು ಬರುವುದು ಈಗ ಸಾಧ್ಯವಿಲ್ಲ, ಸಾಧ್ಯವಾಗಲೂ ಬಾರದು. ಇಲ್ಲಿಯ ಮಾನ್ಯತೆ ಪಡೆದ ಏಜೆನ್ಸಿಯವರು ಮನೆಗೆ ಬಂದು ನಮ್ಮ ಆದಾಯ, ಆರೋಗ್ಯ, ಹಿನ್ನೆಲೆ, ಮದುವೆಯ ಒಳಹೊರಗು ಎಲ್ಲ ಕೇಳಿ ಗೃಹ ಅಧ್ಯಯನ ವರದಿ ಬರೆದರು. ಕಾರಾ ನಿರಾಕ್ಷೇಪಣಾ ಪತ್ರ ಕೊಟ್ಟಿತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ, ನಮ್ಮ ಆದೇಶಕ್ಕೆ ಸಹಿ ಬಿದ್ದದ್ದೂ ಅಲ್ಲಿಯೇ. ಆಮೇಲೆ ಪಾಸ್‌ಪೋರ್ಟ್, ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ, ಅಮೆರಿಕದ ರಾಯಭಾರ ಕಚೇರಿಯಲ್ಲಿ ವೀಸಾ. ಮಗು ವಿಮಾನ ಇಳಿದು ಒಳಗೆ ಕಾಲಿಟ್ಟ ದಿನವೇ ಅಮೆರಿಕದ ಪ್ರಜೆಯಾಗುತ್ತದೆ, 2000ದ ಕಾಯ್ದೆಯ ಅನುಕೂಲ ಅದು. ಅಲ್ಲಿಗೂ ಕಾರಾ ಕೈಬಿಡುವುದಿಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಎಂಬ ವರದಿ ದೆಹಲಿಗೆ ಹೋಗಬೇಕು. ಮನೆಯೊಳಗೆ ಬಂದು ನೋಡುವವರ ಮೇಲೆ ಬೇಸರಪಡುವ ತಾಯಿತಂದೆಯರಿದ್ದಾರೆ. ನನಗೆ ಅದು ಸರಿ ಎನಿಸುತ್ತದೆ. ಮಾತು ಬಾರದ ಕೂಸನ್ನು ಸಮುದ್ರದಾಚೆ ಕಳಿಸಿದ ದೇಶ ಕೇಳಲೇಬೇಕಾದ ಪ್ರಶ್ನೆ ಅದು.

ಚಿನ್ನಿ, ಇಲ್ಲಿ ಅವಳನ್ನು ಹಾಗೇ ಕರೆಯುತ್ತೇನೆ, ಮಹಾರಾಷ್ಟ್ರದ ಒಂದು ಶಿಶುಗೃಹದಲ್ಲಿ ಬೆಳೆದವಳು. ಹುಟ್ಟಿದ ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದಿದ್ದಳು. ನಮ್ಮ ಕೈಗೆ ಬಂದಾಗ 22 ತಿಂಗಳು. ಅಲ್ಲಿ ನೋಡಿಕೊಳ್ಳುವ ಹೆಂಗಸರನ್ನು ಮಕ್ಕಳು ಮಾವಶಿ ಎನ್ನುತ್ತಾರೆ. ಬೆಳಗಾವಿಯಲ್ಲಿ ಬೆಳೆದ ನನಗೆ ಮರಾಠಿ ಬರುವುದು ಆ ಹೊತ್ತಿಗೆ ದೊಡ್ಡ ಭಾಗ್ಯವಾಯಿತು. ಅವಳನ್ನು ಹೆಚ್ಚು ಎತ್ತಾಡಿಸಿದ ಮಾವಶಿಯ ಪಕ್ಕ ಕೂತು ಎಲ್ಲ ಕೇಳಿಕೊಂಡೆ. ಮಲಗುವಾಗ ಯಾವ ಮಗ್ಗುಲು, ಸ್ನಾನಕ್ಕೆ ನೀರು ಎಷ್ಟು ಬಿಸಿ, ಹಾಲು ಚಮಚದಲ್ಲೋ ಬಾಟಲಿಯಲ್ಲೋ, ಹೆದರಿದರೆ ಏನು ಮಾಡುತ್ತಾಳೆ. ಆಕೆ ಒಂದೊಂದನ್ನೂ ನಿಧಾನಕ್ಕೆ ಹೇಳಿದಳು. ಚಿನ್ನಿ ಹೊದೆಯುತ್ತಿದ್ದ ಹಳೆಯ ಹತ್ತಿಯ ಬಟ್ಟೆಯನ್ನು ಕೇಳಿ ಪಡೆದೆ, ತಿಂಗಳುಗಟ್ಟಲೆ ಒಗೆಯಲಿಲ್ಲ. ಮಗು ಎಲ್ಲವನ್ನೂ ಕಳೆದುಕೊಂಡು ಹೊರಡುವಾಗ ಆ ವಾಸನೆಯೊಂದಾದರೂ ಜೊತೆಗಿರಲಿ ಎಂದು. ದತ್ತು ಪಡೆಯಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದೇ: ಅಧಿಕಾರಿಗಳ ಕೋಣೆಯಲ್ಲಿ ಕೂರುವುದಕ್ಕಿಂತ ಹೆಚ್ಚು ಹೊತ್ತು ಮಾವಶಿಯ ಹತ್ತಿರ ಕೂರಿ.

ಹೊರದೇಶದಿಂದ ಬಂದ ಮಗುವನ್ನು ಎರಡು ವಾರದೊಳಗೆ ವೈದ್ಯರಿಗೆ ತೋರಿಸಬೇಕೆಂದು ಇಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ನಮ್ಮ ಊರಿನಲ್ಲೇ ಇರುವ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ಡೇನಾ ಜಾನ್ಸನ್ 1986ರಲ್ಲಿ ಅಂತರರಾಷ್ಟ್ರೀಯ ದತ್ತುಮಕ್ಕಳಿಗಾಗಿಯೇ ಚಿಕಿತ್ಸಾಲಯ ತೆರೆದರು. ಅನಾಥಾಲಯದಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಮಗುವಿನ ಬೆಳವಣಿಗೆ ಒಂದು ತಿಂಗಳು ಹಿಂದೆ ಬೀಳುತ್ತದೆ ಎಂಬ ಅವರ ಲೆಕ್ಕ ಈ ವಿಷಯ ಬಲ್ಲ ವೈದ್ಯರೆಲ್ಲರ ಬಾಯಲ್ಲಿದೆ. ಹೊಟ್ಟೆಗೆ ಕಡಿಮೆಯಾದದ್ದಷ್ಟೇ ಅದಕ್ಕೆ ಕಾರಣವಲ್ಲ. ಎತ್ತಿಕೊಳ್ಳುವವರು, ಮಾತಾಡಿಸುವವರು ಒಬ್ಬರೇ ಆಗಿ ಸಿಗದಿದ್ದರೆ ಬೆಳವಣಿಗೆಯ ಹಾರ್ಮೋನೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಿನ್ನಿಯನ್ನು ತಕ್ಕಡಿಯಲ್ಲಿಟ್ಟಾಗ 8.6 ಕಿಲೋ, ಎತ್ತರ 77 ಸೆಂಟಿಮೀಟರ್. 22 ತಿಂಗಳ ಹುಡುಗಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ನಡುವಿನ ತೂಕ 11 ಕಿಲೋ, ಎತ್ತರ 85 ಸೆಂಟಿಮೀಟರ್‌ನ ಸುಮಾರು. ಮೂರಕ್ಕೆ ಒಂದರ ಲೆಕ್ಕ ನಮ್ಮ ಕಣ್ಣೆದುರೇ ಇತ್ತು.

ರಕ್ತ, ಮಲ, ಕ್ಷಯ, ಥೈರಾಯ್ಡ್, ಸೀಸ, ವಿಟಮಿನ್ ಡಿ ಎಂದು ಪರೀಕ್ಷೆಗಳ ಉದ್ದನೆಯ ಪಟ್ಟಿ. ಭಾರತದಲ್ಲಿ ಆಗಿರುವ ಪರೀಕ್ಷೆಯನ್ನು ಮತ್ತೆ ಯಾಕೆ ಎಂದು ಕೇಳುವುದು ಸಹಜ. ಸೋಂಕು ತಗಲಿ ಕೆಲವು ವಾರಗಳವರೆಗೆ ರಕ್ತದಲ್ಲಿ ಅದು ಕಾಣಿಸದೆ ಇರಬಹುದು, ಆದ್ದರಿಂದ ಎಚ್‌ಐವಿ, ಹೆಪಟೈಟಿಸ್‌ಗಳನ್ನು ಬಂದ ಕೂಡಲೇ ಒಮ್ಮೆ, ಆರು ತಿಂಗಳ ನಂತರ ಇನ್ನೊಮ್ಮೆ ನೋಡುತ್ತಾರೆ. ಬಿಸಿಜಿ ಹಾಕಿದೆ ಎಂದು ಕ್ಷಯದ ಪರೀಕ್ಷೆ ಬಿಡುವುದಿಲ್ಲ. ಅವಳಿಗೆ ದೊಡ್ಡ ಕಾಯಿಲೆ ಯಾವುದೂ ಇರಲಿಲ್ಲ. ಹೊಟ್ಟೆಯಲ್ಲಿ ಜಿಯಾರ್ಡಿಯಾ ಎಂಬ ಪರೋಪಜೀವಿ ಇತ್ತು, ಹಿಮೋಗ್ಲೋಬಿನ್ 8.9 ಇತ್ತು. ಕಬ್ಬಿಣದ ಹನಿಗಳನ್ನು ಕೊಡುವಾಗ ವೈದ್ಯೆ ಒಂದು ಮಾತು ಹೇಳಿದರು. ಒಳ್ಳೆಯ ಊಟ ಸಿಕ್ಕಿ ಮಗು ಭರಭರನೆ ಬೆಳೆಯತೊಡಗಿದಾಗ ಇರುವ ಕಬ್ಬಿಣವೂ ಬೇಗ ಖರ್ಚಾಗುತ್ತದೆ. ಕೆನ್ನೆ ತುಂಬಿತೆಂದು ಹನಿ ನಿಲ್ಲಿಸಿದರೆ ರಕ್ತಹೀನತೆ ಹೆಚ್ಚಾದೀತು. ಇದನ್ನು ನಾನು ಊರಿನ ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ, ದತ್ತುಮಕ್ಕಳಿಗಷ್ಟೇ ಸಲ್ಲುವ ಮಾತಲ್ಲ ಅದು.

ಇನ್ನು ಊಟ. ಬಾಯಿಯ ಮೇಲ್ಛಾವಣಿಯೇ ಸೀಳಿದ್ದರೆ ಬಾಯಿಗೂ ಮೂಗಿಗೂ ನಡುವೆ ಗೋಡೆ ಇರುವುದಿಲ್ಲ. ಹಾಲು ಕುಡಿದರೆ ಅರ್ಧ ಮೂಗಿನಿಂದ ಬರುತ್ತದೆ, ಸಾರಿನಲ್ಲಿ ಹುಳಿ ಹೆಚ್ಚಾದರೆ ಮೂಗು ಉರಿಯುತ್ತದೆ. ಇಂಥ ಕೂಸು ಮೊಲೆ ಚೀಪಲಾರದು, ಏಕೆಂದರೆ ಚೀಪಲು ಬಾಯೊಳಗೆ ಗಾಳಿ ಹಿಡಿದು ಎಳೆಯಬೇಕು, ಗಾಳಿ ನಿಲ್ಲುವುದೇ ಇಲ್ಲ. ಎಳೆಯ ಕೂಸುಗಳಿಗೆ ಹಿಂಡಿ ಕುಡಿಸುವ ಮೆತ್ತನೆಯ ಬಾಟಲಿಗಳಿವೆ. ಚಿನ್ನಿ ಅದನ್ನು ದಾಟಿ ಬಂದಿದ್ದಳು. ನಾವು ಅವಳನ್ನು ನೆಟ್ಟಗೆ ಕೂರಿಸಿ, ಗಟ್ಟಿಯಾದ ರಾಗಿ ಅಂಬಲಿ, ಚೆನ್ನಾಗಿ ಮಿದ್ದ ಮೊಸರನ್ನ, ಬೇಳೆ ಕಟ್ಟಿನಲ್ಲಿ ನುರಿದ ಅನ್ನ ಇಂಥವನ್ನು ಸಣ್ಣ ಚಮಚದಲ್ಲಿ ಉಣಿಸಿದೆವು. ನೀರಾಗಿದ್ದದ್ದು ಮೂಗಿಗೇರುತ್ತದೆ, ಗಟ್ಟಿಯಾಗಿದ್ದದ್ದು ಇಳಿಯುತ್ತದೆ. ಊಟವಾದ ಮೇಲೆ ನಾಲ್ಕು ಗುಟುಕು ನೀರು ಕುಡಿಸಿದರೆ ಸೀಳಿನಲ್ಲಿ ಸಿಕ್ಕಿಕೊಂಡದ್ದು ಹೋಗುತ್ತದೆ.

ಅವಳು ಉಣ್ಣುತ್ತಿದ್ದ ರೀತಿಗೆ ಮಾತ್ರ ಅಂಗುಳ ಕಾರಣವಲ್ಲ. ತಟ್ಟೆ ಖಾಲಿಯಾಗುವುದನ್ನು ಕಂಡರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಕೊನೆಯ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ನುಂಗದೆ ಮಲಗುತ್ತಿದ್ದಳು. ಮುಷ್ಟಿಯಲ್ಲಿ ಹಿಡಿದ ಚಪಾತಿ ಚೂರು ಬೆಳಿಗ್ಗೆಯವರೆಗೆ ಅಲ್ಲೇ ಇರುತ್ತಿತ್ತು. ಹಾಗೆ ಬಾಯಲ್ಲಿ ಅನ್ನ ಉಳಿದರೆ ಉಸಿರು ಕಟ್ಟುವ ಭಯ, ಆದ್ದರಿಂದ ಮಲಗಿಸುವ ಮುನ್ನ ಬೆರಳು ಹಾಕಿ ನೋಡುತ್ತಿದ್ದೆ. ಹೊತ್ತೊತ್ತಿಗೆ ಅಳತೆ ಮಾಡಿ ಬಡಿಸುವ ಜಾಗದಲ್ಲಿ ಬೆಳೆದ ಮಕ್ಕಳಿಗೆ ಇನ್ನೂ ಬೇಕೆಂದರೆ ಸಿಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಇದಕ್ಕೆ ಶಿಸ್ತಿನ ಮದ್ದಿಲ್ಲ. ಕೈಗೆಟುಕುವ ಕಡೆ ಒಂದು ಬಟ್ಟಲಲ್ಲಿ ಬಾಳೆಹಣ್ಣಿನ ತುಂಡು, ಮೆತ್ತಗಿನ ಇಡ್ಲಿ ಯಾವಾಗಲೂ ಇಟ್ಟೆವು, ಖಾಲಿಯಾಗುವ ಮೊದಲೇ ತುಂಬಿದೆವು. ಅವಳು ತಿನ್ನುವ ಮೊದಲು ಬಟ್ಟಲನ್ನು ಹೋಗಿ ನೋಡಿ ಬರುವುದು, ಬಹಳ ದಿನದ ಮೇಲೆ, ತಾನಾಗಿ ನಿಂತಿತು.

ಸೀಳಂಗುಳದ ಮಕ್ಕಳ ಕಿವಿಯನ್ನು ತಪ್ಪದೆ ನೋಡಿಸಬೇಕು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆ. ಅದನ್ನು ತೆರೆದು ಮುಚ್ಚುವ ಸ್ನಾಯು ಅಂಗುಳದ್ದೇ. ಅಂಗುಳ ಸೀಳಿದ್ದರೆ ಆ ಸ್ನಾಯು ಸರಿಯಾಗಿ ಎಳೆಯುವುದಿಲ್ಲ, ಕಿವಿಯೊಳಗೆ ದ್ರವ ತುಂಬಿ ನಿಲ್ಲುತ್ತದೆ. ಸೋರದಿದ್ದರೆ, ನೋಯದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಚಿನ್ನಿಯ ಎರಡೂ ಕಿವಿ ಹಾಗೇ ಇದ್ದವು. ವರದಿಯಲ್ಲಿ ಕಿವಿಯ ಮಾತೇ ಇರಲಿಲ್ಲ. ಅರ್ಧಂಬರ್ಧ ಕೇಳಿಸುವ ಮಗುವಿಗೆ ಒಂದೇ ದಿನದಲ್ಲಿ ಸುತ್ತಲಿನ ಮರಾಠಿ ಹೋಗಿ ಕನ್ನಡ, ಇಂಗ್ಲಿಷ್ ಬಂದಿದ್ದವು. ಅವಳಿಗೆ ಅದೆಷ್ಟು ದಿಗಿಲಾಗಿರಬೇಕೆಂದು ಈಗಲೂ ನೆನೆಯುತ್ತೇನೆ. ಅದಕ್ಕೇ ನಾನು ಎದುರಿಗೆ ಕೂತು, ಮುಖ ಕಾಣುವಂತೆ, ಮೊದಲು ಮರಾಠಿಯಲ್ಲಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ. ‘ಇಕಡೆ ಯೇ’ ಎಂದಾಗ ತಿರುಗುತ್ತಿದ್ದ ಕುತ್ತಿಗೆ ನಿಧಾನಕ್ಕೆ ‘ಇಲ್ಲಿ ಬಾ’ಗೂ ತಿರುಗತೊಡಗಿತು.

ಈಗ ವರದಿಯ ಆ ಕೊನೆಯ ಸಾಲಿಗೆ ಬರುತ್ತೇನೆ.

ರಾತ್ರಿ ಎದ್ದು ನೋಡಿದರೆ ಅವಳು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತಿದ್ದಳು. ಚಡ್ಡಿ ಒದ್ದೆಯಾಗಿದ್ದರೂ, ಜ್ವರ ಬಂದಿದ್ದರೂ ಸದ್ದಿಲ್ಲ. ಬಿದ್ದು ಹಣೆ ಬುಗುಟೆದ್ದರೂ ಅಳು ಇಲ್ಲ. ಎದ್ದು ಕೂತು ಹಿಂದೆ ಮುಂದೆ ತೂಗಿಕೊಳ್ಳುತ್ತಿದ್ದಳು. ಮನೆಗೆ ಬಂದವರು ಬಾಗಿಲಲ್ಲಿ ಕಾಣಿಸಿದರೆ ಎರಡೂ ಕೈ ಎತ್ತಿ ಅವರ ಬಳಿ ಹೋಗುತ್ತಿದ್ದಳು, ಯಾರಾದರೂ ಸರಿ, ಪಾರ್ಸೆಲ್ ತಂದ ಹುಡುಗನಾದರೂ ಸರಿ. ಎಷ್ಟು ಬೇಗ ಹೊಂದಿಕೊಂಡಳು, ಎಂಥ ಜಾಣ ಕೂಸು ಎಂದು ಎಲ್ಲರೂ ಹೊಗಳಿದರು. ನಾನು ಹೊಗಳಿಕೆ ಕೇಳುತ್ತ ಒಳಗೇ ಕುಸಿಯುತ್ತಿದ್ದೆ. ಅತ್ತರೆ ಒಬ್ಬರು ಬರುತ್ತಾರೆ ಎಂದು ಕಂಡುಕೊಂಡ ಕೂಸು ಮಾತ್ರ ಅಳುತ್ತದೆ. ಇಬ್ಬರು ಹೆಂಗಸರು ಹತ್ತು ಹನ್ನೆರಡು ತೊಟ್ಟಿಲು ನೋಡಿಕೊಳ್ಳುವ ಕಡೆ, ಅವರೆಷ್ಟೇ ಒಳ್ಳೆಯವರಾದರೂ, ಅಳು ಕೇಳಿ ಬರಲು ಕೈಗಳು ಸಾಲುವುದಿಲ್ಲ. ಅಲ್ಲಿ ಕೂಸು ಅಳುವುದನ್ನು ಬಿಡುತ್ತದೆ, ಬಂದವರನ್ನೆಲ್ಲ ನಕ್ಕು ಕರೆಯುವುದನ್ನು ಕಲಿಯುತ್ತದೆ.

ಇದು ತಾಯಿಯೊಬ್ಬಳ ಊಹೆಯಲ್ಲ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಿಂದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು ಅನಾಥಾಲಯದ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಲಾಗಿತ್ತು. ಮನೆ ಸೇರಿದ ಮಕ್ಕಳ ಬುದ್ಧಿ, ಮಮತೆ, ಮಿದುಳಿನ ವಿದ್ಯುತ್ ಚಟುವಟಿಕೆ ಸುಧಾರಿಸಿದವು. ಎರಡು ವರ್ಷದ ಒಳಗೆ ಹೋದವರಲ್ಲಿ ಬದಲಾವಣೆ ಹೆಚ್ಚು ಕಂಡಿತು. ಚಿನ್ನಿಗೆ ಆಗ ಎರಡು ತುಂಬಲು ಸ್ವಲ್ಪವೇ ಬಾಕಿ. ಆ ಅಂಕಿ ನನ್ನ ಎದೆಯ ಮೇಲೆ ಕೂತಿತ್ತು.

ವೈದ್ಯೆಯ ಸಲಹೆ ಸರಳ, ಪಾಲಿಸುವುದು ಕಷ್ಟ. ಕೆಲವು ತಿಂಗಳವರೆಗೆ ಉಣಿಸುವುದು, ಎತ್ತುವುದು, ಸ್ನಾನ, ನಿದ್ದೆ, ನೋವಾದಾಗ ಸಮಾಧಾನ ಎಲ್ಲವೂ ಅಪ್ಪ ಅಮ್ಮ ಇಬ್ಬರಿಂದಲೇ ಆಗಬೇಕು, ಬೇರೆ ಯಾರ ಕೈಯೂ ಬೇಡ. ಅಳದಿದ್ದರೂ ಅತ್ತಳೆಂದುಕೊಂಡು ಹೋಗಬೇಕು. ಬಿದ್ದರೆ ಓಡಿ ಎತ್ತಿ, ನೋವಾಯ್ತಾ ಎಂದು ಅವಳ ಪರವಾಗಿ ನಾವೇ ಕೇಳಬೇಕು. ಇಲ್ಲಿ 1993ರ ಕಾನೂನಿನಂತೆ ದೊಡ್ಡ ಕಂಪನಿಗಳಲ್ಲಿ ದತ್ತಿಗೂ 12 ವಾರ ಸಂಬಳವಿಲ್ಲದ ರಜೆ ಸಿಗುತ್ತದೆ. ಗಂಡ ಹೆಂಡತಿ ಒಬ್ಬರ ನಂತರ ಒಬ್ಬರು ತೆಗೆದುಕೊಂಡೆವು. ಮೊದಲೇ ದುಡ್ಡು ಕೂಡಿಟ್ಟಿದ್ದರಿಂದ ನಡೆಯಿತು.

ಅದೇ ಸಮಯಕ್ಕೆ ನಮ್ಮವ್ವ ಬೆಳಗಾವಿಯಿಂದ ಬಂದಳು. ಮೊಮ್ಮಗಳಿಗೆಂದು ಗೋಧಿ ಹುಗ್ಗಿಯ ಸಾಮಾನು, ತಾನೇ ಹೊಲಿದ ಕೌದಿ ತಂದಿದ್ದಳು. ಅಂಥವಳಿಗೆ ಕೂಸನ್ನು ಎತ್ತಬೇಡ, ಉಣಿಸಬೇಡ ಎಂದು ಹೇಳಬೇಕಾಯಿತು. “ನಾ ಏನ್ ಹೊರಗಿನಾಕಿ ಏನವಾ? ಒಂದ್ ತುತ್ತು ಉಣಸಬಾರದಾ?” ಎಂದು ಕಣ್ಣೀರು ಹಾಕಿದಳು. ನಮ್ಮ ಮನೆಗಳಲ್ಲಿ ಕೂಸು ಹತ್ತು ಕೈಯಲ್ಲಿ ಬೆಳೆಯುತ್ತದೆ, ಅದೇ ನಮ್ಮ ಹೆಮ್ಮೆ. ಆದರೆ ಹತ್ತು ಕೈಯಲ್ಲಿ ಬೆಳೆಯುವ ಕೂಸಿಗೆ ಅದರಲ್ಲಿ ಒಂದು ತನ್ನ ತಾಯಿಯದು ಎಂದು ಗೊತ್ತಿರುತ್ತದೆ. ಚಿನ್ನಿಗೆ ಅದಿನ್ನೂ ಗೊತ್ತಿರಲಿಲ್ಲ. ಅವ್ವನಿಗೆ ಹಾಗೇ ಬಿಡಿಸಿ ಹೇಳಿದೆ. ಅವಳು ಎರಡು ದಿನ ಮೌನವಾಗಿದ್ದು, ಆಮೇಲೆ ಮನೆಯ ಕೆಲಸವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಳು. ಅಡುಗೆ, ಬಟ್ಟೆ, ಪಾತ್ರೆ ಒಂದನ್ನೂ ನನಗೆ ಬಿಡಲಿಲ್ಲ. ದೂರದ ಕುರ್ಚಿಯಲ್ಲಿ ಕೂತು ಮರಾಠಿಯಲ್ಲಿ ಕಥೆ ಹೇಳುತ್ತಿದ್ದಳು, ಚಿನ್ನಿ ನನ್ನ ತೊಡೆಯ ಮೇಲಿಂದ ಅವಳ ಬಾಯಿ ನೋಡುತ್ತಿದ್ದಳು. ಬಾಣಂತನ ಎಂದರೆ ಅದೇ. ಹೆರದ ತಾಯಿಗೂ ಬಾಣಂತನ ಬೇಕು ಎಂದು ನಮ್ಮವರು ಯಾರೂ ಯೋಚಿಸುವುದಿಲ್ಲ, ಅವ್ವ ಯೋಚಿಸಿದಳು.

ಕನ್ನಡ ಕೂಟದ ಗೆಳತಿಯರೂ ಹಾಗೇ ಸಹಕರಿಸಿದರು. ಯುಗಾದಿಗೆ ನಾವು ಹೋಗಲಿಲ್ಲ, ಅವರು ಹೋಳಿಗೆ ಡಬ್ಬಿಯನ್ನು ಬಾಗಿಲಲ್ಲಿಟ್ಟು ಫೋನ್ ಮಾಡಿದರು.

ಅಂಗುಳದ ಆಪರೇಶನ್ ಯಾವಾಗ ಮಾಡಿಸಬೇಕೆಂಬುದು ನಮ್ಮನ್ನು ಬಹಳ ಕಾಡಿತು. ಮಾತು ಕಲಿಯುವ ಮೊದಲೇ ಅಂಗುಳ ಮುಚ್ಚಬೇಕು, 18 ತಿಂಗಳೊಳಗೆ ಆದರೆ ಒಳ್ಳೆಯದು ಎಂಬುದು ವೈದ್ಯರ ಸಾಮಾನ್ಯ ನಿಯಮ. ಆರು ತಿಂಗಳಿಗೇ ಮಾಡಿದರೆ ಒಂದು ವರ್ಷಕ್ಕೆ ಮಾಡಿದ್ದಕ್ಕಿಂತ ಮಾತು ಚೆನ್ನಾಗಿ ಬರುತ್ತದೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ. ನಮ್ಮ ಮಗಳಿಗೆ ಆ ಗಡುವು ಆಗಲೇ ದಾಟಿತ್ತು. ಇನ್ನು ತಡ ಮಾಡಿದರೆ ಮಾತಿಗೆ ಪೆಟ್ಟು. ಬಂದ ಕೂಡಲೇ ಮಾಡಿಸಿದರೆ, ನಿನ್ನೆ ಮೊನ್ನೆ ಸಿಕ್ಕ ಅಪರಿಚಿತರು ತನ್ನನ್ನು ನೋವಿನ ಜಾಗಕ್ಕೆ ಒಯ್ದರೆಂದೇ ಮಗು ತಿಳಿಯುತ್ತದೆ. ಸರ್ಜನ್, ಮಾತಿನ ತರಬೇತುದಾರೆ, ದತ್ತು ವೈದ್ಯೆ ಒಂದೇ ಮೇಜಿನ ಸುತ್ತ ಕೂತು ನಮ್ಮೊಂದಿಗೆ ಮಾತಾಡಿದರು. ರಕ್ತ ಸುಧಾರಿಸಲಿ, ತೂಕ ಏರಲಿ, ಅಷ್ಟರಲ್ಲಿ ಅವಳು ನಿಮ್ಮನ್ನು ಹುಡುಕತೊಡಗಲಿ ಎಂದು ಸುಮಾರು ನಾಲ್ಕು ತಿಂಗಳು ಕಾಯುವುದೆಂದು ತೀರ್ಮಾನವಾಯಿತು. ಅದು ಸರಿಯಾದ ತೀರ್ಮಾನ ಎಂದು ಇಂದಿಗೂ ನಂಬಿದ್ದೇನೆ. ಪ್ರತಿ ಮಗುವಿಗೂ ಅದೇ ಸರಿ ಎನ್ನಲಾರೆ. ಹೃದಯದ ತೊಂದರೆ ಇರುವ ಮಗುವಿಗೆ ಕಾಯುವ ಸ್ವಾತಂತ್ರ್ಯವೇ ಇಲ್ಲದಿರಬಹುದು.

ಆ ತಿಂಗಳುಗಳ ನಡುವೆ ಒಂದು ರಾತ್ರಿ ಚಿನ್ನಿ ಅತ್ತಳು. ಕನಸು ಬಿದ್ದಿತ್ತೋ ಏನೋ. ಸಣ್ಣ ಮುಲುಗಾಟವಲ್ಲ, ಮನೆಯೆಲ್ಲ ಎದ್ದು ಕೂರುವಂಥ ಅಳು. ಅವ್ವ ಪಕ್ಕದ ಕೋಣೆಯಿಂದ ಬಂದು ಬಾಗಿಲಲ್ಲೇ ನಿಂತು, “ಅಳಲಿ ಬಿಡವಾ, ಅಳೂದು ಚಲೋ ಆತು” ಎಂದಳು. ಮರುವಾರ ಅಂಗಡಿಯಲ್ಲಿ ಯಾರೋ ಎತ್ತಿಕೊಳ್ಳಲು ಕೈ ಚಾಚಿದಾಗ ಅವಳು ನನ್ನ ಕುತ್ತಿಗೆ ಹಿಡಿದು ಮುಖ ಮರೆಸಿದಳು. ಆ ಹೆಂಗಸಿಗೆ ಕೆಡುಕೆನಿಸಿರಬೇಕು. ನನಗೆ ಅಷ್ಟು ಸಂತೋಷ ಅದಕ್ಕೆ ಮೊದಲು ಆಗಿರಲಿಲ್ಲ.

ಆಪರೇಶನ್ ದಿನ ಒಂದೇ ಅರಿವಳಿಕೆಯಲ್ಲಿ ಎರಡು ಕೆಲಸ ಮುಗಿಸಿದರು. ಅಂಗುಳದ ಸೀಳನ್ನು ಪದರ ಪದರವಾಗಿ ಹೊಲಿದು, ಅಡ್ಡಾದಿಡ್ಡಿ ಅಂಟಿಕೊಂಡಿದ್ದ ಸ್ನಾಯುಗಳನ್ನು ಅವುಗಳ ಜಾಗಕ್ಕೆ ತಿರುಗಿಸಿದರು. ಕಿವಿಯ ತಮಟೆಯಲ್ಲಿ ಗ್ರೊಮೆಟ್ ಎಂಬ ಸಣ್ಣ ಕೊಳವೆಗಳನ್ನು ಇಟ್ಟು ಒಳಗಿನ ದ್ರವ ತೆಗೆದರು. ಎಚ್ಚರವಾದಾಗ ಅವಳು ಕಿರುಚಿದಳು. ನರ್ಸ್ ಒಬ್ಬರು ಮಮತೆಯಿಂದ ಎತ್ತಲು ಬಂದರು, ಅವಳು ಅವರನ್ನು ತಳ್ಳಿ ಸುತ್ತ ನೋಡಿದಳು, ನಾನು ಕಂಡೊಡನೆ ಕೈ ಚಾಚಿದಳು. ಬೆರಳು ಬಾಯಿಗೆ ಹೋಗದಂತೆ ಮೊಣಕೈ ಮಡಚಲಾಗದ ಪಟ್ಟಿಗಳನ್ನು ಎರಡೂ ತೋಳಿಗೆ ಕಟ್ಟಿದ್ದರು. ಆ ನೆಟ್ಟಗಿನ ತೋಳುಗಳೇ ನನ್ನ ಕೊರಳ ಸುತ್ತ ಬಂದವು. ನಾಲ್ಕು ತಿಂಗಳು ಕಾದದ್ದು ಇದಕ್ಕೇ. ಮುಂದೆ ಕೆಲವು ವಾರ ಗಂಜಿ, ಮಜ್ಜಿಗೆಯಲ್ಲಿ ಕದಡಿದ ಅನ್ನ, ತಣಿಸಿದ ಬೇಳೆಕಟ್ಟು ಅಷ್ಟೇ. ಸ್ಟ್ರಾ ಇಲ್ಲ, ಗಟ್ಟಿ ಚಮಚ ಇಲ್ಲ, ಕುರುಕಲು ಇಲ್ಲ.

ಅಂಗುಳ ಮುಚ್ಚಿದ ಮಾತ್ರಕ್ಕೆ ಮಾತು ಬಂದುಬಿಡುವುದಿಲ್ಲ. ಪ, ಬ, ತ, ದ, ಕ, ಗ ಇಂಥ ಅಕ್ಷರಗಳಿಗೆ ಬಾಯೊಳಗೆ ಗಾಳಿ ಒತ್ತಿ ಹಿಡಿದು ಬಿಡಬೇಕು. ಮೆದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚಿದರೆ ಮಾತ್ರ ಅದು ಸಾಧ್ಯ. ಮ, ನ ಮೂಗಿನಿಂದಲೇ ಹೊರಡುತ್ತವೆ. ಹಾಗಾಗಿ ಅವಳು ಅಪ್ಪ ಎನ್ನಲು ಹೋದರೆ ಅಮ್ಮ ಎಂದಾಗುತ್ತಿತ್ತು, ಅವರಪ್ಪ ಎರಡಕ್ಕೂ ಓಗೊಡುತ್ತಿದ್ದರು. ಗಾಳಿ ನಿಲ್ಲದ ಮಕ್ಕಳು ಗಂಟಲಿನಲ್ಲೇ ತಡೆದು ಸದ್ದು ಮಾಡುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಅದನ್ನು ಬಿಡಿಸಿ ತುಟಿ, ನಾಲಿಗೆಗಳಿಗೆ ಕೆಲಸ ಕಲಿಸುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ತರಬೇತಿ. ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಸರಕಾರಿ ವ್ಯವಸ್ಥೆಯಿದೆ. ತರಬೇತುದಾರೆ ಕನ್ನಡ ಬಿಡಿ, ಇಂಗ್ಲಿಷ್ ಒಂದನ್ನೇ ಮಾತಾಡಿ ಎನ್ನಲಿಲ್ಲ. ಯಾವ ಭಾಷೆಯಲ್ಲಿ ಅಕ್ಕರೆಯಿಂದ ಮಾತಾಡುತ್ತೀರೋ ಅದರಲ್ಲೇ ಆಡಿ ಎಂದರು. ನಾವು ಪಾಪು, ಬಾಬಾ, ತಾತಾ, ಬಾ ಬಾ ಬೆಕ್ಕೆ ಎಂದು ಕನ್ನಡದ ಮಾತುಗಳನ್ನೇ ಆರಿಸಿಕೊಂಡೆವು, ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡಿಸಿದೆವು.

ಎಲ್ಲವೂ ಮುಗಿದಿಲ್ಲ. ಅಂಗುಳದ ಮುಂಭಾಗದಲ್ಲಿ ಸಣ್ಣ ರಂಧ್ರವೊಂದು ಉಳಿದಿದೆ, ಮುಂದೆ ಅದನ್ನು ಮುಚ್ಚಬೇಕು. ಕೋರೆಹಲ್ಲು ಇಳಿಯುವ ಮೊದಲು, ಎಂಟರ ಆಸುಪಾಸಿನಲ್ಲಿ, ವಸಡಿನ ಸೀಳಿಗೆ ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬುತ್ತಾರೆ. ಆಮೇಲೆ ಹಲ್ಲಿನ ತಂತಿ. ಆರು ತಿಂಗಳ ನಂತರ ಮಾಡಿದ ರಕ್ತಪರೀಕ್ಷೆಗಳು ಶುದ್ಧವಾಗಿ ಬಂದವು, ಹಿಮೋಗ್ಲೋಬಿನ್ 11 ದಾಟಿದೆ, ತೂಕ ಪಟ್ಟಿಯ ಕೆಳಗಿನ ಗೆರೆಯ ಒಳಗೆ ಬಂದಿದೆ. ಹೊಸ ಜಾಗದಲ್ಲಿ ಮಲಗಿಸಿದರೆ ಈಗಲೂ ತೂಗಿಕೊಳ್ಳುತ್ತಾಳೆ. ಅವ್ವ ಮರಳಿ ಊರಿಗೆ ಹೋಗುವ ಮುನ್ನ ಮೊಮ್ಮಗಳಿಗೆ ತನ್ನ ಕೈಯಿಂದಲೇ ಹುಗ್ಗಿ ಉಣಿಸಿ ಹೋದಳು.

ಬಂಧುಗಳು, ಸ್ನೇಹಿತರು ಒಳ್ಳೆಯ ಮನಸ್ಸಿನಿಂದಲೇ ಎರಡು ಮಾತು ಹೇಳುತ್ತಾರೆ. ಒಂದು, ಎಂಥ ಪುಣ್ಯದ ಕೆಲಸ ಮಾಡಿದಿರಿ ಎಂದು. ಇನ್ನೊಂದು, ಅವಳ ತಾಯಿತಂದೆ ಯಾರೆಂದು ಗೊತ್ತೇ ಎಂದು, ಅದೂ ಅವಳ ಎದುರಿಗೇ. ಮೊದಲನೆಯ ಮಾತು ಮಗುವನ್ನು ಋಣದಲ್ಲಿ ಇಡುತ್ತದೆ. ಮಗಳು ಮನೆಯಲ್ಲಿ ಇರುವುದಕ್ಕೆ ಯಾರಿಗೂ ಕೃತಜ್ಞಳಾಗಬೇಕಿಲ್ಲ. ಎರಡನೆಯದಕ್ಕೆ ಉತ್ತರ ಅವಳದು, ಬೆಳೆದ ಮೇಲೆ ಬೇಕಾದಾಗ ಬೇಕಾದವರಿಗೆ ಹೇಳಿಕೊಳ್ಳಲಿ. ಹೆತ್ತ ತಾಯಿಯ ಬಗ್ಗೆ ಒಂದು ಕಟುಮಾತು ನಮ್ಮ ಮನೆಯಲ್ಲಿ ಬಂದಿಲ್ಲ, ಬರುವುದೂ ಇಲ್ಲ. ಮಗುವನ್ನು ಸಾಕಲಾಗದ ತಾಯಿ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳ ಕಾಲಾವಕಾಶವೂ ಇದೆ. ಹಾಗೆ ಒಪ್ಪಿಸಿದವಳು ಕೂಸಿನ ಜೀವ ಉಳಿಸಿದವಳು.

ಊರಿನಲ್ಲಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಸೀಳುತುಟಿ, ಸೀಳಂಗುಳ ಅಪರೂಪವಲ್ಲ, ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೆ ಒಂದರಂತೆ ಹುಟ್ಟುತ್ತವೆ. ಬಸುರಿ ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೆ, ಕತ್ತರಿ ಹಿಡಿದದ್ದಕ್ಕೆ ಹೀಗಾಯಿತು ಎಂದು ತಾಯಿಯನ್ನು ದೂರುವುದು ಇನ್ನೂ ನಿಂತಿಲ್ಲ. ತುಟಿ ಕೂಡಿಕೊಳ್ಳುವುದು ಬಸುರಿನ ಏಳನೆಯ ವಾರದೊಳಗೆ, ಅಂಗುಳ ಒಂಬತ್ತನೆಯ ವಾರದ ಸುಮಾರಿಗೆ. ಎಷ್ಟೋ ಹೆಂಗಸರಿಗೆ ಬಸುರಿ ಎಂದು ಆಗತಾನೇ ಗೊತ್ತಾಗಿರುತ್ತದೆ. ತಪ್ಪು ಅವಳದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಈ ದೋಷದ ತಪಾಸಣೆ, ಚಿಕಿತ್ಸೆ ಉಚಿತ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ದೇಶದ ಅನೇಕ ಆಸ್ಪತ್ರೆಗಳು ಹಣ ತೆಗೆದುಕೊಳ್ಳದೆ ಆಪರೇಶನ್ ಮಾಡುತ್ತವೆ. ಧಾರವಾಡದ ಎಸ್‌ಡಿಎಂನಲ್ಲಿ, ಮಂಗಳೂರಿನ ನಿಟ್ಟೆ ಮೀನಾಕ್ಷಿ ಸಂಸ್ಥೆಯಲ್ಲಿ ಇದಕ್ಕೇ ಮೀಸಲಾದ ವಿಭಾಗಗಳಿವೆ. ನಿಮ್ಮ ಓಣಿಯಲ್ಲಿ ಇಂಥ ಕೂಸು ಹುಟ್ಟಿದರೆ ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ, ಹಾಲು ಹೇಗೆ ಕುಡಿಸಬೇಕೆಂದು ನರ್ಸ್ ಕಡೆಯಿಂದ ತಾಯಿಗೆ ಹೇಳಿಸಿಕೊಡಿ, ತುಟಿ ಹೊಲಿದ ಮೇಲೆ ಅಂಗುಳವನ್ನೂ ಒಂದೂವರೆ ವರ್ಷದೊಳಗೆ ಮಾಡಿಸಿ, ಕಿವಿಯ ಪರೀಕ್ಷೆ ಮರೆಯಬೇಡಿ. ದತ್ತಿಗೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯುತ್ತಿರುವವರು ಕಾರಾದಲ್ಲಿರುವ ವಿಶೇಷ ಅಗತ್ಯದ ಮಕ್ಕಳ ಪಟ್ಟಿಯನ್ನು ಒಬ್ಬ ಒಳ್ಳೆಯ ಮಕ್ಕಳ ವೈದ್ಯರ ಜೊತೆ ಕೂತು ಒಮ್ಮೆ ನೋಡಿ.